ಕಾಲಂ 3, ಕಾಲಂ 9

ಕರ್ನಾಟಕದ ಸಾಫ್ಟ್‌ವೇರ್ ಚರಿತ್ರೆ ಹೇಳೋರು ಸಾಮಾನ್ಯವಾಗಿ 1985ರಿಂದ ಶುರು ಮಾಡ್ತಾರೆ. ಆ ವರ್ಷ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಆಮೇಲೆ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್, ಹೊರವರ್ತುಲ ರಸ್ತೆ. ಆ ಕಥೆ ನಿಮಗೂ ಗೊತ್ತು, ನನಗೂ ಗೊತ್ತು. ನಮ್ಮಲ್ಲಿ ಬಹಳ ಜನ ಅದರ ಸಂಬಳದಲ್ಲೇ ಬಾಡಿಗೆ ಕಟ್ತಿದ್ದೀವಿ. ಆದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಹಳ್ಳಿಗಳಲ್ಲಿ ಹೋಗಿ 'ನಿಮ್ಮ ಬದುಕಿಗೆ ಕೈಹಾಕಿದ ಕಂಪ್ಯೂಟರ್ ಪ್ರೋಗ್ರಾಂ ಯಾವುದು' ಅಂತ ಕೇಳಿ ನೋಡಿ. ವಾಟ್ಸಾಪ್ ಅನ್ನೋ ಹುಡುಗರನ್ನ ಬಿಟ್ಟರೆ, ಉಳಿದೋರು ಹೇಳೋದು 'ಪಾಣಿ ಕೊಡೋ ಕಂಪ್ಯೂಟ್ರು'. ಆ ಪ್ರೋಗ್ರಾಂ ಹೆಸರು 'ಭೂಮಿ'. ಅದನ್ನ ಬರೆದದ್ದು ಯಾವ ಕಂಪನಿಯೂ ಅಲ್ಲ, ಸರ್ಕಾರದ ಎನ್‌ಐಸಿಯ ಬೆಂಗಳೂರು ಕಚೇರಿಯವರು.

ಪಹಣಿ ಕಂಡಿರದ ನಗರದ ಗೆಳೆಯರಿಗೆ ಎರಡು ಮಾತು. ಪಹಣಿ ಅಥವಾ ಆರ್‌ಟಿಸಿ ಅಂದರೆ ಒಂದು ಜಮೀನಿನ ಜಾತಕ. ಯಾರ ಹಕ್ಕು, ಯಾರ ಗೇಣಿ, ಯಾವ ಬೆಳೆ, ಎಲ್ಲ ಒಂದೇ ಹಾಳೆಯಲ್ಲಿ. ಕಾಲಂ 1ರಲ್ಲಿ ಸರ್ವೆ ನಂಬರು, 2ರಲ್ಲಿ ಹಿಸ್ಸಾ, 3ರಲ್ಲಿ ವಿಸ್ತೀರ್ಣ, 9ರಲ್ಲಿ ಯಜಮಾನರ ಹೆಸರು, 11ರಲ್ಲಿ ಸಾಲಸೋಲ, 12ರಲ್ಲಿ ಬೆಳೆ. ನಮ್ಮ ಕಡೆ ದೊಡ್ಡೋರು ಜಗಳ ಆಡುವಾಗಲೂ ಕಾಲಂ ನಂಬರಲ್ಲೇ ಮಾತಾಡ್ತಾರೆ. 'ಅವನು ಹನ್ನೊಂದ್ರಲ್ಲಿ ಅವ್ನೆ, ಒಂಬತ್ರಲ್ಲಿಲ್ಲ' ಅಂದರೆ ಪೂರ್ತಿ ಒಂದು ಕೇಸಿನ ಕಥೆ ಹೇಳಿದಂಗೆ.

ಈ ಹಾಳೆಯ ಹಿಂದೆ 150 ವರ್ಷಕ್ಕೂ ಮೀರಿದ ಇತಿಹಾಸ ಇದೆ. ಮೈಸೂರು ಸಂಸ್ಥಾನದಲ್ಲಿ ಕಂದಾಯದ ಸರ್ವೆ ಶುರುವಾಗಿದ್ದು 1860ರ ದಶಕದಲ್ಲಿ. ಅಳತೆಗೆ 33 ಅಡಿಯ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದರೆ ಒಂದು ಗುಂಟೆ. 40 ಗುಂಟೆ ಒಂದು ಎಕರೆ. ಗುಂಟೆಯನ್ನ ಒಡೆದರೆ 16 ಆಣೆ. ಲೆಕ್ಕ ಇಡುತ್ತಿದ್ದವರು ವಂಶಪಾರಂಪರ್ಯದ ಶಾನುಭೋಗರು. 1963ರಲ್ಲಿ ಆ ಹುದ್ದೆಗಳು ರದ್ದಾಗಿ ಗ್ರಾಮಲೆಕ್ಕಿಗರು ಬಂದರು. ಹೆಸರು ಬದಲಾಯಿತು, ಪುಸ್ತಕ ಮಾತ್ರ ಒಬ್ಬರ ಕಂಕುಳಲ್ಲೇ ಉಳಿಯಿತು. ರಾಜ್ಯದಲ್ಲಿ ಸುಮಾರು 9,000 ಗ್ರಾಮಲೆಕ್ಕಿಗರು, ಒಬ್ಬೊಬ್ಬರ ಕೈಗೆ ಮೂರ್ನಾಲ್ಕು ಊರು. ಸೊಸೈಟಿ ಸಾಲಕ್ಕೆ, ಕೋರ್ಟಿಗೆ, ಜಾಮೀನಿಗೆ, ಎಲ್ಲದಕ್ಕೂ ಪಹಣಿ ಬೇಕು. ಪುಸ್ತಕ ಇರೋದು ಅವರ ಹತ್ತಿರ. ಅವರು ಸಿಕ್ಕ ದಿನ ನಿಮ್ಮ ಅದೃಷ್ಟ. ಸಿಕ್ಕರೂ, ಅವರು ಏನು ಬರೆದರು ಅಂತ ಇನ್ನೊಬ್ಬರು ತಾಳೆ ನೋಡೋಕೆ ದಾರಿ ಇರಲಿಲ್ಲ.

ಇದನ್ನ ಕಂಪ್ಯೂಟರಿಗೆ ಹಾಕೋ ಪ್ರಯತ್ನ 'ಭೂಮಿ'ಗಿಂತ ಮುಂಚೆಯೇ ಆಗಿತ್ತು. 1990ರ ದಶಕದಲ್ಲಿ ಕೇಂದ್ರದ ಯೋಜನೆಯಡಿ ಜಿಲ್ಲಾ ಮಟ್ಟದಲ್ಲಿ ಕಂಪ್ಯೂಟರ್ ಇಟ್ಟು ಪಹಣಿ ತುಂಬಿಸಿದರು. ಆದರೆ ತಾಲ್ಲೂಕಿನಲ್ಲಿ ಕಂಪ್ಯೂಟರ್ ಇರಲಿಲ್ಲ. ಜಮೀನು ಕೈ ಬದಲಾಗೋದು ಹಳ್ಳಿಯಲ್ಲಿ, ಖಾತೆ ಬದಲಾಗೋದು ತಾಲ್ಲೂಕಿನಲ್ಲಿ, ಯಂತ್ರ ಇರೋದು ಜಿಲ್ಲಾ ಕೇಂದ್ರದಲ್ಲಿ. ತುಂಬಿದ ದಿನ ಸರಿಯಿದ್ದ ಮಾಹಿತಿ ಆರು ತಿಂಗಳಲ್ಲಿ ಹಳಸಿದ ಸಾರು. ನಮ್ಮ ವೃತ್ತಿಯಲ್ಲಿ ಇದು ಹಳೇ ಪಾಠ: ಪ್ರೋಗ್ರಾಂ ಎಷ್ಟೇ ಚೆನ್ನಾಗಿರಲಿ, ಮಾಹಿತಿ ಹುಟ್ಟೋ ಜಾಗದಲ್ಲಿ ಅದು ಕೂತಿರದಿದ್ದರೆ ಕೆಲಸಕ್ಕೆ ಬರಲ್ಲ.

ನಮ್ಮ ಪಕ್ಕದ ಮದ್ದೂರಿನ ಎಸ್.ಎಂ. ಕೃಷ್ಣ ಮುಖ್ಯಮಂತ್ರಿ ಆಗಿದ್ದಾಗ, 2000ದಿಂದ 2002ರ ಹೊತ್ತಿಗೆ, ರಾಜೀವ್ ಚಾವ್ಲಾ ಅನ್ನೋ ಐಎಎಸ್ ಅಧಿಕಾರಿಯ ಮುಂದಾಳತ್ವದಲ್ಲಿ 'ಭೂಮಿ' ರಾಜ್ಯದ ಎಲ್ಲ ತಾಲ್ಲೂಕು ಕೇಂದ್ರಗಳಿಗೆ ಬಂತು. ಸುಮಾರು 2 ಕೋಟಿ ದಾಖಲೆ, 67 ಲಕ್ಷ ರೈತರು. ಆಗ ನಮ್ಮ ನಾಲ್ಕೂ ತಾಲ್ಲೂಕು ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿದ್ದವು. 2007ರಲ್ಲಿ ರಾಮನಗರ ಜಿಲ್ಲೆ ಆಯಿತು, 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಅಂತ ಹೆಸರಿಡೋ ತೀರ್ಮಾನ ಆಯಿತು. ಊರಲ್ಲಿ ಇದರ ಬಗ್ಗೆ ಎಷ್ಟು ವಾದ ನಡೆಯಿತೋ ಗೊತ್ತಲ್ಲ. ಆದರೆ ಇಂಥ ಪ್ರೋಗ್ರಾಂ ಒಳಗೆ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ನಾಲ್ಕೂ ಬರೀ ಸಂಖ್ಯೆಗಳು. ಹೆಸರು ಬದಲಾದರೆ ಒಂದು ಪಟ್ಟಿಯ ಒಂದು ಸಾಲು ತಿದ್ದಿದರೆ ಸಾಕು. ಹೆಸರನ್ನ ಗುರುತಾಗಿ ಇಟ್ಕೋಬೇಡಿ, ಹೆಸರು ಬದಲಾಗುತ್ತೆ ಅಂತ ಕಾಲೇಜಲ್ಲಿ ಹೇಳಿಕೊಟ್ಟಿದ್ದು ನನಗೆ ನಿಜವಾಗಿ ಅರ್ಥ ಆಗಿದ್ದು ಇಲ್ಲಿ.

ತಾಂತ್ರಿಕವಾಗಿ 'ಭೂಮಿ' ಆ ಕಾಲದ ಸಾದಾ ಅಡುಗೆ. ಎದುರಿಗೆ ಕಾಣೋ ಪರದೆಗಳು ವಿಷುಯಲ್ ಬೇಸಿಕ್ 6ರಲ್ಲಿ, ಹಿಂದೆ ಮಾಹಿತಿ ಇಡೋಕೆ ಎಸ್‌ಕ್ಯೂಎಲ್ ಸರ್ವರ್, ಕನ್ನಡ ಅಕ್ಷರಕ್ಕೆ ಸಿ-ಡ್ಯಾಕ್‌ನವರ ಜಿಸ್ಟ್. ಇವತ್ತಿನ ಹುಡುಗರು ಕೇಳಿದರೆ ಮೂಗು ಮುರೀತಾರೆ. ಮುರೀಲಿ ಬಿಡಿ. ಇದರ ಕಷ್ಟ ಇದ್ದದ್ದು ಬೇರೆ ಕಡೆ.

ಪ್ರೋಗ್ರಾಂ ಬರೆಯೋದು ಅಂದರೆ ಕೂತು ಟೈಪ್ ಮಾಡೋದು ಅಂತ ನಮ್ಮೂರಲ್ಲಿ ನಂಬಿಕೆ. ನಮ್ಮಮ್ಮ ಈಗಲೂ 'ಟೈಪಿಂಗ್ ಕೆಲ್ಸ' ಅಂತಾಳೆ. ಟೈಪಿಂಗ್ ಕಡೇ ಪಾಲು. ಮೊದಲ ಪಾಲು, ಒಂದು ಕೆಲಸ ಗೊತ್ತಿರೋ ಮನುಷ್ಯನ ಮುಂದೆ ಕೂತು 'ಹಂಗಾಗದೇ ಇದ್ದರೆ?' ಅಂತ ಅವನಿಗೆ ಸಿಟ್ಟು ಬರೋವರೆಗೂ ಕೇಳೋದು. ಕಂಪ್ಯೂಟರಿಗೆ ಅಂದಾಜು ಗೊತ್ತಿಲ್ಲ. ಗ್ರಾಮಲೆಕ್ಕಿಗ 'ನೋಡಿ ಮಾಡ್ತೀನಿ' ಅಂತಾನಲ್ಲ, ಆ 'ನೋಡಿ' ಅನ್ನೋದರಲ್ಲಿ ಏನೇನು ಇದೆ ಅಂತ ಬಿಚ್ಚಿ ಬರೀಬೇಕು. ಇದ್ದರೆ ಇದು, ಇಲ್ಲದಿದ್ದರೆ ಅದು, ಎರಡೂ ಅಲ್ಲದಿದ್ದರೆ ಇನ್ನೊಂದು. ಹೀಗೆ ಬಿಚ್ಚಿ ಬರೆದದ್ದನ್ನ ಯಂತ್ರಕ್ಕೆ ತಿಳಿಯೋ ಸಣ್ಣ ಸಣ್ಣ ಆಜ್ಞೆಗಳಾಗಿ ಒಡೆಯೋ ಕೆಲಸಕ್ಕೆ ಬೇರೆ ಪ್ರೋಗ್ರಾಂಗಳೇ ಇವೆ; ಅದರ ತಲೆನೋವು ನಮಗಿಲ್ಲ.

ಖಾತೆ ಬದಲಾವಣೆ, ಅಂದರೆ ಮ್ಯುಟೇಶನ್ ತಗೊಳ್ಳಿ. ನಿಯಮ 1964ರ ಭೂಕಂದಾಯ ಕಾಯ್ದೆಯಲ್ಲೇ ಇದೆ. ಅರ್ಜಿ ಬಂತು. ಸಂಬಂಧಪಟ್ಟೋರಿಗೆ ನೋಟಿಸು ಕೊಡು. ಆಗ ಇದ್ದ ಲೆಕ್ಕದಲ್ಲಿ 30 ದಿನ ಕಾಯಿ. ತಕರಾರು ಬಂದಿಲ್ಲವೋ, ಹೋಬಳಿಯ ರಾಜಸ್ವ ನಿರೀಕ್ಷಕರು ಆದೇಶ ಮಾಡಲಿ. ಬಂತೋ, ಮೇಲಿನವರ ಹತ್ತಿರ ವಿಚಾರಣೆಗೆ ಕಳಿಸು. ಓದಿದರೆ ಇದೇ ಒಂದು ಪ್ರೋಗ್ರಾಂ, ಬರೆದವರು ವಕೀಲರು ಅಷ್ಟೇ. ಕಾಗದದಲ್ಲಿದ್ದಾಗ ಆ 30 ದಿನ ಯಾರಿಗೆ 30, ಯಾರಿಗೆ 300 ಅಂತ ತೀರ್ಮಾನ ಮಾಡೋ ಮನುಷ್ಯ ಒಬ್ಬ ಇದ್ದ. 'ಭೂಮಿ' ಅವನ ಕೈಯಿಂದ ಆ ಸಂಖ್ಯೆಯನ್ನ ಕಿತ್ಕೊಂಡಿತು. ಅರ್ಜಿಗಳು ಬಂದ ಸರದಿಯಲ್ಲೇ ಹೋಗಬೇಕು, ಹಿಂದಿನದನ್ನ ಮುಂದಕ್ಕೆ ತಳ್ಳೋ ಹಾಗಿಲ್ಲ. ನಮ್ಮ ಭಾಷೆಯಲ್ಲಿ ಇದಕ್ಕೆ ಕ್ಯೂ ಅಂತಲೇ ಹೆಸರು. ಸಿನಿಮಾ ಟಾಕೀಸಿನ ಕ್ಯೂಗಿಂತ ಕಟ್ಟುನಿಟ್ಟು, ಅಷ್ಟೇ. ನೌಕರರು ಒಳಗೆ ಹೋಗಬೇಕಾದರೆ ಬೆರಳಚ್ಚು ಒತ್ತಬೇಕು. ಯಾವ ತಿದ್ದುಪಡಿ ಯಾರ ಬೆರಳಿಂದ ಆಯಿತು ಅನ್ನೋದು ಉಳಿಯುತ್ತೆ. ನಾನು ಮಾಡಿಲ್ಲ ಸಾರ್ ಅನ್ನೋ ಹಾಗಿಲ್ಲ.

ಇನ್ನೊಂದು ಸಣ್ಣ ಏರ್ಪಾಡು ನನಗೆ ಬಹಳ ಇಷ್ಟ. ಕೌಂಟರಿನಲ್ಲಿ ಎರಡು ಪರದೆ ಇಡ್ತಿದ್ದರು. ಒಂದು ನೌಕರರ ಕಡೆ, ಇನ್ನೊಂದು ರೈತರ ಕಡೆ ಮುಖ ಮಾಡಿ. ಒಳಗೆ ಕೂತವರು ಏನು ಮಾಡ್ತಿದ್ದಾರೆ ಅಂತ ಹೊರಗೆ ನಿಂತೋರಿಗೆ ಕಾಣುತ್ತಿತ್ತು. ನಾನಾಗ ಎಂಟನೇ ಕ್ಲಾಸು, ನಮ್ಮಪ್ಪನ ಜೊತೆ ಹೋಗಿದ್ದೆ. 15 ರೂಪಾಯಿ ಕೊಟ್ಟು ಸರ್ವೆ ನಂಬರು ಹೇಳಿದ. ಪರದೆ ಮೇಲೆ ನಮ್ಮ ತಾತನ ಹೆಸರು ಬಂತು. ಅಪ್ಪ ಒಂದು ಕ್ಷಣ ಅದನ್ನೇ ನೋಡಿ, 'ನೋಡ್ಲಾ, ನಿಮ್ ತಾತ ಟೀವಿಲಿ ಬಂದವ್ನೆ' ಅಂದ. ನಾನು ಮುಂದೆ ಬಿಇ ಕಂಪ್ಯೂಟರ್ ಸೈನ್ಸ್ ತಗೊಂಡಿದ್ದಕ್ಕೆ ಅದೇ ಕಾರಣ ಅಂತೆಲ್ಲ ಹೇಳಲ್ಲ. ಸಿಇಟಿ ರ‍್ಯಾಂಕಿಗೆ ಸಿಕ್ಕಿದ್ದು ಅದು.

ಈಗ ಶೀರ್ಷಿಕೆಯ ವಿಷಯಕ್ಕೆ ಬರೋಣ. ಕಾಲಂ 3ರಲ್ಲಿ ಆ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ ಇರುತ್ತೆ, ಖರಾಬು ಎಷ್ಟು, ಉಳಿದದ್ದು ಎಷ್ಟು ಅನ್ನೋದು ಸೇರಿ. ಕಾಲಂ 9ರಲ್ಲಿ ಯಜಮಾನರ ಹೆಸರು, ಪ್ರತಿಯೊಬ್ಬರ ಪಾಲು. ಒಂಬತ್ತರ ಪಾಲುಗಳನ್ನೆಲ್ಲ ಕೂಡಿದರೆ ಮೂರರಲ್ಲಿ ಉಳಿದ ವಿಸ್ತೀರ್ಣ ಬರಬೇಕು. ಇದಕ್ಕಿಂತ ಸರಳ ಲೆಕ್ಕ ಇದೆಯಾ? ಆದರೂ ನಮ್ಮ ರಾಜ್ಯದಲ್ಲಿ '3 ಮತ್ತು 9 ಮಿಸ್‌ಮ್ಯಾಚ್' ಅನ್ನೋದು ಒಂದು ರೋಗದ ಹೆಸರಿನ ಹಾಗೆ ಆಗಿದೆ. ಅದು ತಿದ್ದುಪಡಿ ಆಗೋವರೆಗೂ ಮಾರೋಕಾಗಲ್ಲ, ಪಾಲಾಗೋಕಾಗಲ್ಲ.

ಯಾಕೆ ತಾಳೆ ಆಗಲ್ಲ ಅನ್ನೋಕೆ ಒಂದು ಲೆಕ್ಕ ಹಾಕೋಣ. ಪಹಣಿಯಲ್ಲಿ ವಿಸ್ತೀರ್ಣ ಬರೆಯೋದು ಎಕರೆ, ಗುಂಟೆ, ಗುಂಟೆಯ ಭಾಗ ಅಂತ, ಮಧ್ಯೆ ಚುಕ್ಕಿ ಇಟ್ಟು. 1.25 ಅಂದರೆ ಒಂದೂಕಾಲು ಎಕರೆ ಅಲ್ಲ, ಒಂದು ಎಕರೆ ಇಪ್ಪತ್ತೈದು ಗುಂಟೆ. 1.25ಕ್ಕೆ 1.25 ಕೂಡಿದರೆ ಕ್ಯಾಲ್ಕ್ಯುಲೇಟರ್ 2.50 ಅನ್ನುತ್ತೆ. ನಮ್ಮಪ್ಪ 3.10 ಅಂತಾನೆ. ನಮ್ಮಪ್ಪ ಸರಿ. ಎರಡು ಎಕರೆ ಐವತ್ತು ಗುಂಟೆಯಲ್ಲಿ 40 ಗುಂಟೆ ಎಕರೆಗೆ ಹೋದರೆ ಮೂರು ಎಕರೆ ಹತ್ತು ಗುಂಟೆ. ಬಲಗಡೆ ಮನೆಯಲ್ಲಿ 16ಕ್ಕೆ ದಶಕ, ನಡು ಮನೆಯಲ್ಲಿ 40ಕ್ಕೆ ದಶಕ, ಎಡ ಮನೆಯಲ್ಲಿ ಮಾಮೂಲಿ ಹತ್ತು. ಇಂಥದ್ದಕ್ಕೆ ಪ್ರೋಗ್ರಾಂ ಬರೆಯೋರು ಮಾಡೋ ಉಪಾಯ, ಎಲ್ಲವನ್ನೂ ಅತಿ ಸಣ್ಣ ಅಳತೆಗೆ ಇಳಿಸೋದು. ಒಂದು ಎಕರೆ ಅಂದರೆ 640 ಆಣೆ. ಲೆಕ್ಕವೆಲ್ಲ ಆಣೆಯಲ್ಲಿ ಮಾಡಿ, ತೋರಿಸುವಾಗ ಮತ್ತೆ ಎಕರೆ ಗುಂಟೆಗೆ ಹತ್ತಿಸು.

ಅಷ್ಟು ಮಾಡಿದರೂ ಮುಗಿಯಲ್ಲ. ಮೂರು ಎಕರೆ ಹತ್ತು ಗುಂಟೆ ಜಮೀನು, ಮೂವರು ಮಕ್ಕಳು. 2,080 ಆಣೆ ಮೂರು ಭಾಗ ಆಗಬೇಕು. ಒಬ್ಬೊಬ್ಬರಿಗೆ 693, ಅಂದರೆ ಒಂದು ಎಕರೆ ಮೂರು ಗುಂಟೆ ಐದು ಆಣೆ. ಮೂರನ್ನೂ ಕೂಡಿ: 2,079. ಒಂದು ಆಣೆ ಎಲ್ಲಿ ಹೋಯಿತು? ಅರುವತ್ತೆಂಟು ಚದರಡಿ, ಒಂದು ಹಸು ಕಟ್ಟೋ ಜಾಗ. ಊರಲ್ಲಾದರೆ 'ದೊಡ್ಡೋನಿಗಿರ್ಲಿ ಬುಡಿ' ಅಂತ ಪಂಚಾಯ್ತಿ ಮುಗೀತಿತ್ತು. ಪ್ರೋಗ್ರಾಂಗೆ ದೊಡ್ಡೋನು ಚಿಕ್ಕೋನು ಇಲ್ಲ. ಆ ಒಂದು ಆಣೆ ಯಾರಿಗೆ ಅಂತ ಬರೆಯೋನು ಮುಂಚೆಯೇ ಬರೆದಿರಬೇಕು. ಬರೆಯದಿದ್ದರೆ ಮೂರು, ಒಂಬತ್ತು ತಾಳೆ ಆಗಲ್ಲ. ನಿಜ ಹೇಳಬೇಕಂದರೆ ಮಿಸ್‌ಮ್ಯಾಚ್‌ಗಳೆಲ್ಲ ಇಂಥ ಆಣೆಪೈಸೆಯವಲ್ಲ. ಕೈಬರಹದ ಪುಸ್ತಕದಲ್ಲೇ ತಪ್ಪು ಇದ್ದದ್ದು, ಖರಾಬು ಕಳೆಯದೇ ಬಿಟ್ಟದ್ದು, ಒಂದೇ ಪಾಲು ಎರಡು ಸಲ ಏರಿದ್ದು, ಪೋಡಿ ಆಗದೇ ಮಾರಿದ್ದು, ನೂರು ಬಗೆ. ಪುಸ್ತಕದಲ್ಲಿದ್ದಾಗ ಯಾರೂ ಕೂಡಿ ನೋಡಿರಲಿಲ್ಲ. ಕಂಪ್ಯೂಟರ್ ಮೊದಲ ದಿನವೇ ಕೂಡಿ ನೋಡೋ ಜಾತಿ.

ಹೆಸರಿನ ಗೋಳು ಇನ್ನೊಂದು ಥರ. ನಮ್ಮ ಕಡೆ ಒಂದೇ ಊರಲ್ಲಿ ನಾಲ್ಕು ಜನ ಸಿದ್ದಯ್ಯ ಇರ್ತಾರೆ, ಅದರಲ್ಲಿ ಇಬ್ಬರ ಅಪ್ಪನೂ ಕೆಂಪಯ್ಯ ಆಗಿರ್ತಾನೆ. ಪಹಣಿಯಲ್ಲಿ 'ಸಿದ್ದಯ್ಯ ಬಿನ್ ಕೆಂಪಯ್ಯ' ಅಂತ ಇದ್ದರೆ ಊರೋರಿಗೆ ಯಾರು ಅಂತ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ತಿರುಗಾಮುರುಗಾ ಇನ್ನೊಂದು: ಒಬ್ಬನೇ ಮನುಷ್ಯ ಒಂದು ಪಹಣಿಯಲ್ಲಿ ಸಿದ್ದಯ್ಯ, ಇನ್ನೊಂದರಲ್ಲಿ ಸಿದ್ಧಯ್ಯ. ನೀವು ಓದುವಾಗ ವ್ಯತ್ಯಾಸ ಗಮನಿಸಿದ್ರೋ ಇಲ್ವೋ. ಯೂನಿಕೋಡ್ ಲೆಕ್ಕದಲ್ಲಿ ದ ಅಂದರೆ 3238, ಧ ಅಂದರೆ 3239. ಯಂತ್ರದ ಕಣ್ಣಿಗೆ ಇವರಿಬ್ಬರೂ ಬೇರೆ ಬೇರೆ ಮನುಷ್ಯರು, ಸಂಬಂಧವೇ ಇಲ್ಲ. ದತ್ತಾಂಶ ತುಂಬಿಸಿದ ಹುಡುಗ ಹುಡುಗಿಯರು ಎದುರಿಗಿದ್ದ ಕೈಬರಹವನ್ನ ಓದಿದ ಹಾಗೆ ಕುಟ್ಟಿದರು. ಆ ಕೈಬರಹ ಎಂಥದ್ದು ಅಂತ ಹಳೇ ಪಹಣಿ ನೋಡಿದೋರಿಗೆ ಗೊತ್ತು.

ಹಾಗಂತ 'ಭೂಮಿ' ಸೋತಿತು ಅನ್ನೋರ ಮಾತು ನಾನು ಒಪ್ಪಲ್ಲ. ಪಬ್ಲಿಕ್ ಅಫೇರ್ಸ್ ಸೆಂಟರ್‌ಗಾಗಿ 2002ರಲ್ಲಿ ನಡೆದ ಸಮೀಕ್ಷೆಯಲ್ಲಿ, ಹಳೇ ಪದ್ಧತಿಯಲ್ಲಿ ಪಹಣಿ ತಗೊಂಡವರಲ್ಲಿ ನೂರಕ್ಕೆ 66 ಜನ ಲಂಚ ಕೊಟ್ಟಿದ್ದೇವೆ ಅಂದರೆ, 'ಭೂಮಿ'ಯಲ್ಲಿ ತಗೊಂಡವರಲ್ಲಿ ಹಾಗಂದವರು 3 ಜನ. ಒಬ್ಬರ ಮನೆ ಬಾಗಿಲಲ್ಲಿ ಕೈಕಟ್ಟಿ ನಿಂತೋರಿಗೆ ಆ ವ್ಯತ್ಯಾಸದ ಬೆಲೆ ಗೊತ್ತಿರುತ್ತೆ.

ಆದರೆ ಕಿಟಕಿ ತೆಗೆದರೆ ಗಾಳಿ ಒಂದೇ ಕಡೆಯಿಂದ ಬರಲ್ಲ. ಸಾಲೊಮನ್ ಬೆಂಜಮಿನ್ ಮತ್ತು ಜೊತೆಗಾರರು 2007ರಲ್ಲಿ ಬರೆದ ಒಂದು ಅಧ್ಯಯನ 'ಭೂಮಿ'ಯನ್ನ ಬೆಂಗಳೂರಿನ ಅಂಚಿನಿಂದ ನೋಡಿತು. ದಾಖಲೆಗಳು ಒಂದೇ ಕಡೆ, ಒಂದೇ ನಮೂನೆಯಲ್ಲಿ ಸಿಗೋ ಹಾಗಾದ ಮೇಲೆ, ಲಾಭ ಹೆಚ್ಚಾಗಿದ್ದು ದೊಡ್ಡ ಪ್ರಮಾಣದಲ್ಲಿ ಜಮೀನು ಹುಡುಕೋರಿಗೆ ಅನ್ನೋದು ಅವರ ವಾದ. ಪೂರ್ತಿ ಒಪ್ಪದಿದ್ದರೂ ತಳ್ಳಿಹಾಕೋಕೆ ನನ್ನ ಕೈಲಿ ಆಗಲ್ಲ. ಆ ವರ್ಷಗಳನ್ನ ನೆನಪಿಸಿಕೊಳ್ಳಿ. ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆ ಕಾರು ಹೊರಗೆ ಬಿಡೋಕೆ ಶುರು ಮಾಡಿದ್ದು 1999ರ ಕೊನೆಗೆ. ಕನಕಪುರ ರಸ್ತೆ, ಮಾಗಡಿ ರಸ್ತೆ, ಮೈಸೂರು ರಸ್ತೆ ಮೂರೂ ಕಡೆ ಜಮೀನಿನ ಬೆಲೆ ಎಕರೆ ಬಿಟ್ಟು ಚದರಡಿಗೆ ಇಳಿಯೋ ಕಾಲ. ಯಾವ ಸರ್ವೆ ನಂಬರು ಯಾರದ್ದು, ಯಾರ ಕಾಲಂ 11ರಲ್ಲಿ ಸಾಲ ಇದೆ, ಯಾರಿಗೆ ದುಡ್ಡಿನ ಅಗತ್ಯ ಇದೆ ಅಂತ ತಿಳಿಯೋಕೆ ಮೊದಲು ಊರಿಗೆ ಬಂದು, ಟೀ ಕುಡಿಸಿ, ನಾಲ್ಕು ಜನರ ಸ್ನೇಹ ಮಾಡಬೇಕಿತ್ತು. ಆಮೇಲೆ ಸರ್ವೆ ನಂಬರೊಂದು ಗೊತ್ತಿದ್ದರೆ ಸಾಕಾಯಿತು. ಪ್ರೋಗ್ರಾಂ ಇಬ್ಬರಿಗೂ ಒಂದೇ ಉತ್ತರ ಕೊಡ್ತಿತ್ತು. ಕೇಳೋಕೆ ಗೊತ್ತಿದ್ದೋರು, ಸಿಕ್ಕ ಉತ್ತರದಿಂದ ಏನು ಮಾಡಬೇಕು ಅಂತ ಗೊತ್ತಿದ್ದೋರು ಬೇರೆ ಬೇರೆ ಇದ್ದರು.

ಮತ್ತೆ, ಹಾಳೆಯಲ್ಲಿ ಇಲ್ಲದೋರು ಪರದೆಗೂ ಬರಲಿಲ್ಲ. 1974ರ ಭೂಸುಧಾರಣೆ ಗೇಣಿಯನ್ನೇ ನಿಷೇಧಿಸಿದ ಮೇಲೆ, ವಾರಕ್ಕೆ ಮಾಡೋರ ಹೆಸರು ಬರೆಯೋ ಧೈರ್ಯ ಯಾರಿಗಿದೆ? ಹಿಪ್ಪುನೇರಳೆ ಕಡ್ಡಿ ನೆಟ್ಟು, ಸೊಪ್ಪು ಕೊಯ್ದು, ಗೂಡು ಕಟ್ಟಿಸಿ ರಾಮನಗರದ ಮಾರ್ಕೆಟ್ಟಿಗೆ ಒಯ್ಯೋನು ಒಬ್ಬ, ಪಹಣಿಯಲ್ಲಿ ಇರೋನು ಇನ್ನೊಬ್ಬ. ಬಾಯಿಮಾತಿನ ಪಾಲುಗಳೂ ಹಾಗೇ. ಅಣ್ಣ ತಮ್ಮ ಬದು ಹಾಕ್ಕೊಂಡು ಮೂವತ್ತು ವರ್ಷದಿಂದ ಉಳ್ತಿದ್ದಾರೆ, ಪಾಲುಪಾರೀಕತ್ತು ರಿಜಿಸ್ಟರ್ ಆಗಿಲ್ಲ. ಊರಿಗೆಲ್ಲ ಗೊತ್ತಿರೋ ಬದು ಯಂತ್ರಕ್ಕೆ ಕಾಣಲ್ಲ. ಕೈಬರಹದ ಪಹಣಿಗೆ ಬೆಲೆ ಇಲ್ಲ ಅಂತ ಆದ ದಿನದಿಂದ, ತುಂಬಿಸಿದ್ದೇ ಸತ್ಯ ಆಯಿತು.

ಆಮೇಲೆ ಇದರ ಸುತ್ತ ಇನ್ನೂ ಹಲವು ಪ್ರೋಗ್ರಾಂ ಕಟ್ಟಿದರು. ನೋಂದಣಿಗೆ 'ಕಾವೇರಿ', ಸರ್ವೆಗೆ 'ಮೋಜಿಣಿ'. ಒಂದು ಇನ್ನೊಂದಕ್ಕೆ ಮಾಹಿತಿ ಕಳಿಸುತ್ತೆ. ಜಮೀನಿನ ಒಂದು ಭಾಗ ಮಾರಬೇಕಾದರೆ 11ಇ ನಕ್ಷೆ ಇಲ್ಲದೆ ಕಾವೇರಿ ಮುಂದಕ್ಕೆ ಹೋಗಲ್ಲ. ನೋಂದಣಿ ಆದ ಕ್ರಯಕ್ಕೆ ಆ 30 ದಿನವನ್ನೂ ಸರ್ಕಾರ ಇಳಿಸಿತು. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸೋ ಕೆಲಸ ಶುರುವಾಯಿತು. ಸಿದ್ದಯ್ಯ, ಸಿದ್ಧಯ್ಯ ಇಬ್ಬರೂ ಒಬ್ಬರೇನಾ ಅನ್ನೋದಕ್ಕೆ ಕೊನೆಗೂ ಒಂದು ಉತ್ತರ ಹುಡುಕೋ ದಾರಿ ಇದು, ಎಂಜಿನಿಯರ್ ಆಗಿ ನೋಡಿದರೆ ಒಳ್ಳೇ ಯೋಚನೆ.

ನಮ್ಮ ಮನೆ ಪಹಣಿಗೆ ಆಧಾರ್ ಜೋಡಿಸೋಕೆ ಹೋದಾಗ ಕಾಲಂ 9ರಲ್ಲಿ ಇನ್ನೂ ತಾತನೇ ಇದ್ದ. ತಾತ ಹೋಗಿದ್ದು 1994ರಲ್ಲಿ. ದೇಶದಲ್ಲಿ ಮೊದಲ ಆಧಾರ್ ಕೊಟ್ಟಿದ್ದು 2010ರಲ್ಲಿ. ನಮ್ಮೊಬ್ಬರದೇ ಕಥೆ ಅಲ್ಲ, ನಮ್ಮ ಬೀದಿಯಲ್ಲಿ ಅರ್ಧ ಜಮೀನಿನ ಯಜಮಾನರು ಸಮಾಧಿಯಲ್ಲಿದ್ದಾರೆ. ಖಾತೆ ಮಾಡಿಸಿದರೆ ಪಾಲಿನ ಮಾತು ಬರುತ್ತೆ, ಪಾಲಿನ ಮಾತು ಬಂದರೆ ಮನೆ ಒಡೆಯುತ್ತೆ ಅನ್ನೋ ಭಯಕ್ಕೆ ಸತ್ತೋರನ್ನ ಅಲ್ಲೇ ಬಿಟ್ಟಿರ್ತಾರೆ. ಈಗ ಪೌತಿ ಖಾತೆ ಮಾಡಿಸಲೇಬೇಕು. ಅದಕ್ಕೆ ವಂಶವೃಕ್ಷ ಬೇಕು. ನಮ್ಮ ಓದಿನಲ್ಲೂ ಮರ ಅನ್ನೋ ರಚನೆ ಇದೆ, ಅದನ್ನೂ ಬೇರು ಮೇಲೆ, ರೆಂಬೆ ಕೆಳಗೆ ಬರೀತೀವಿ. ತಹಶೀಲ್ದಾರರ ಕಚೇರಿಯಲ್ಲೂ ಹಾಗೇ. ಮೇಲೆ ತಾತ, ಕೆಳಗೆ ನಮ್ಮಪ್ಪ, ಚಿಕ್ಕಪ್ಪ, ಜೊತೆಗೆ ಮೂವರು ಅತ್ತೆಯರು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ಕರ್ನಾಟಕ ಕಾನೂನು ತಂದಿದ್ದೂ 1994ರಲ್ಲೇ, ತಾತ ಹೋದ ವರ್ಷ.

'ಅತ್ತೇರ ಹತ್ರ ಬಿಟ್ಕೊಟ್ಟಿದೀವಿ ಅಂತ ಸೈನ್ ಹಾಕುಸ್ಕೊಂಡ್ರಾಯ್ತು, ಅವ್ರೇನ್ ಕೇಳ್ತಾರ?' ಅಂದ ಚಿಕ್ಕಪ್ಪ. ಅಪ್ಪ ಏನೂ ಹೇಳಲಿಲ್ಲ. ಲ್ಯಾಪ್‌ಟಾಪಿನಲ್ಲಿ ಪಹಣಿ ತೆಗೆದು ನಾನೇ ಎಲ್ಲರಿಗೂ ತೋರಿಸ್ತಿದ್ದೆ. ಹಾರೋಹಳ್ಳಿ ಕಡೆಗೆ ಕೊಟ್ಟಿರೋ ದೊಡ್ಡತ್ತೆಗೆ ಈಗ ಎಪ್ಪತ್ತರ ಹತ್ತಿರ, ಓದು ಬರಹ ಇಲ್ಲ. ಕನ್ನಡಕ ಏರಿಸಿ ಪರದೆ ಹತ್ತಿರಕ್ಕೆ ಬಂದು ಅಪ್ಪನ ಹೆಸರು ಇರೋ ಜಾಗ ತೋರಿಸು ಅಂದಳು. ತೋರಿಸಿದೆ. ಅಲ್ಲಿ ಬೆರಳಿಟ್ಟು ಕೇಳಿದಳು:

'ನನ್ ಹೆಸ್ರು ಬಂದ್ರೆ ಎಲ್ಲಿ ಬತ್ತದೆ ಮಗ, ಇಲ್ಲೇಯಾ?'

'ಹೂಂ ಅತ್ತೆ, ಅಲ್ಲೇ. ಒಂಬತ್ತರಲ್ಲಿ.'

ವಂಶವೃಕ್ಷದ ಅರ್ಜಿಗೆ ಐದೂ ಹೆಸರು ಬರೆದು ಮೊನ್ನೆ ಕೊಟ್ಟು ಬಂದಿದ್ದೀವಿ. ಚಿಕ್ಕಪ್ಪ ಇನ್ನೂ ಮಾತಾಡ್ತಿಲ್ಲ.